ತಂಬಾಕು ಸಬ್ಸಿಡಿ ಆಂಧ್ರಕ್ಕೆ ಜಾಸ್ತಿ, ನಮಗೆ ಕಡಿಮೆಯೇ? ಹುಣಸೂರಿನ ಬೆಳೆಗಾರರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮ್ಮದು ಹುಣಸೂರು ತಾಲ್ಲೂಕು. ನಾಲ್ಕು ಎಕರೆ ಕೆಂಪು ಮಣ್ಣು, ಎಲೆ ಹದ ಮಾಡುವ ಒಂದು ಬ್ಯಾರನ್ ಇದೆ. ಕಳೆದ ವರ್ಷ ತಂದೆ ತೀರಿಕೊಂಡರು, ತಂಬಾಕು ಮಂಡಳಿಯ ನೋಂದಣಿ ಕಾರ್ಡ್ ಇನ್ನೂ ಅವರ ಹೆಸರಲ್ಲೇ ಇದೆ. ಆಂಧ್ರದಲ್ಲಿ ಚಂಡಮಾರುತ ಬಂದಾಗ ತಂಬಾಕು ಬೆಳೆಗಾರರಿಗೆ ತಲಾ 10,000 ರೂಪಾಯಿ ಕೊಟ್ಟರಂತೆ. ನಮ್ಮ ಹೊಲದಲ್ಲಿ ಮಳೆಗೆ ಗಿಡ ಕೊಳೆತಾಗ ನನ್ನ ಕೈಗೆ ಏನೂ ಬರಲಿಲ್ಲ. ಇನ್ನೊಂದು ಕಡೆ ನಿಪ್ಪಾಣಿಯ ಗೆಳೆಯ, ತನಗೆ ತಂಬಾಕು ಮಂಡಳಿಯಿಂದ ಒಂದು ಚೀಲ ಗೊಬ್ಬರವೂ ಸಿಗಲ್ಲ ಅಂತಾನೆ. ಹಾಗಾದರೆ ಈ ಸಬ್ಸಿಡಿಯನ್ನು ಯಾವ ಲೆಕ್ಕದಲ್ಲಿ ಹಂಚುತ್ತಾರೆ? ತಂಬಾಕು ಬಿಟ್ಟರೆ ಬ್ಯಾರನ್‌ಗೆ ಲಕ್ಷಗಟ್ಟಲೆ ಪರಿಹಾರ ಬರುತ್ತೆ ಅಂತ ಊರಲ್ಲಿ ಮಾತಿದೆ. ಅದಕ್ಕೆ ಕಾಯಬೇಕಾ? ಕಾಯದೆ ಬೇರೆ ಬೆಳೆಗೆ ಹೋದರೆ ಸರ್ಕಾರ ಏನು ಕೊಡುತ್ತೆ?

ಉತ್ತರ: ನೀವು ಕೇಳಿರುವುದು ಒಂದು ಪ್ರಶ್ನೆಯಂತೆ ಕಂಡರೂ ಒಳಗೆ ಎರಡು ಚಿಂತೆ ಇವೆ. ಪಕ್ಕದ ರಾಜ್ಯಕ್ಕೆ ಸಿಕ್ಕಿದ್ದು ನನಗೆ ಯಾಕೆ ಸಿಗಲಿಲ್ಲ ಅನ್ನೋದು ಒಂದು. ಈ ಬೆಳೆಯಲ್ಲೇ ಇರಬೇಕಾ, ಬಿಡಬೇಕಾ ಅನ್ನೋದು ಇನ್ನೊಂದು. ಮೊದಲನೆಯದು ಅರ್ಥವಾದರೆ ಎರಡನೆಯದನ್ನು ತೀರ್ಮಾನಿಸುವುದು ಸುಲಭ. ಹಾಗಾಗಿ ದುಡ್ಡಿನ ದಾರಿಯಿಂದಲೇ ಶುರು ಮಾಡುತ್ತೇನೆ.

‘ತಂಬಾಕು ಸಬ್ಸಿಡಿ’ ಅಂತ ಒಂದೇ ಗಂಟು ದೆಹಲಿಯಲ್ಲಿದೆ, ಅದನ್ನು ಆಂಧ್ರಕ್ಕಿಷ್ಟು ಕರ್ನಾಟಕಕ್ಕಿಷ್ಟು ಅಂತ ಹಂಚುತ್ತಾರೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಂಥ ಗಂಟು ಇಲ್ಲ. ಬೇರೆ ಬೇರೆ ಇಲಾಖೆಗಳಿಂದ, ಬೇರೆ ಬೇರೆ ಉದ್ದೇಶಕ್ಕೆ, ಮೂರು ದಾರಿಯಲ್ಲಿ ದುಡ್ಡು ಬರುತ್ತದೆ. ಒಂದು ದಾರಿ ತಂಬಾಕು ಮಂಡಳಿಯದು. ಇನ್ನೊಂದು, ತಂಬಾಕು ಬಿಡಿಸಲು ಕೃಷಿ ಇಲಾಖೆ ನಡೆಸುವ ಬೆಳೆ ವೈವಿಧ್ಯೀಕರಣ ಕಾರ್ಯಕ್ರಮ. ಮೂರನೆಯದು, ರಾಗಿ ಬೆಳೆದರೂ ಜೋಳ ಬೆಳೆದರೂ ಎಲ್ಲ ರೈತರಿಗೂ ಇರುವ ಸಾಮಾನ್ಯ ಯೋಜನೆಗಳು. ಯಾವ ದಾರಿಯ ದುಡ್ಡು ನಿಮ್ಮ ಮನೆ ಮುಟ್ಟುತ್ತದೆ ಅನ್ನೋದನ್ನು ನಿಮ್ಮ ಜಿಲ್ಲೆಗಿಂತ ಜಾಸ್ತಿ ನಿಮ್ಮ ಕಾಗದಪತ್ರವೇ ತೀರ್ಮಾನಿಸುತ್ತದೆ.

ಮಂಡಳಿಯ ದಾರಿ ನೋಡೋಣ. ತಂಬಾಕು ಮಂಡಳಿ ಕಾಯ್ದೆ ಬಂದದ್ದು 1975ರಲ್ಲಿ. 1976ರ ಜನವರಿಯಿಂದ ಮಂಡಳಿ ಗುಂಟೂರಿನಲ್ಲಿ ಕೆಲಸ ಶುರು ಮಾಡಿತು. ಅದು ಕೃಷಿ ಸಚಿವಾಲಯದ ಕೆಳಗಿಲ್ಲ, ಕೇಂದ್ರ ವಾಣಿಜ್ಯ ಸಚಿವಾಲಯದ ಕೆಳಗಿದೆ. ಇದನ್ನು ನೆನಪಿಡಿ. ಮಂಡಳಿಯ ಮುಖ್ಯ ಕೆಲಸ ವರ್ಜೀನಿಯಾ ತಂಬಾಕಿನ ಉತ್ಪಾದನೆಯನ್ನು ಹತೋಟಿಯಲ್ಲಿಟ್ಟು, ಹರಾಜು ನಡೆಸಿ, ರಫ್ತಿಗೆ ಅನುಕೂಲ ಮಾಡುವುದು. ಕರ್ನಾಟಕದಲ್ಲಿ 1984ರಲ್ಲಿ ಹರಾಜು ಶುರುವಾಯಿತು, ಆಂಧ್ರದಲ್ಲಿ ಮರುವರ್ಷ. ಬ್ಯಾರನ್‌ನಲ್ಲಿ ಬೇಯಿಸಿ ಹದ ಮಾಡುವ ವರ್ಜೀನಿಯಾ ಎಲೆ ಬೆಳೆಯುವುದು ಬಹುಪಾಲು ಆಂಧ್ರ ಮತ್ತು ನಮ್ಮ ಮೈಸೂರು, ಹಾಸನ ಸೀಮೆಯಲ್ಲಿ. ಹಾಗಾಗಿ ಮಂಡಳಿಯ ಸಹಾಯ ಕೂಡ ಈ ಎರಡು ಕಡೆಯೇ ಸುತ್ತುತ್ತದೆ.

ನಿಪ್ಪಾಣಿಯ ಗೆಳೆಯನಿಗೆ ಯಾಕೆ ಏನೂ ಸಿಗಲ್ಲ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಅವರು ಬೆಳೆಯುವುದು ಬೀಡಿ ತಂಬಾಕು. ಅದಕ್ಕೆ ಮಂಡಳಿಯ ನೋಂದಣಿ ಇಲ್ಲ, ಎಷ್ಟು ಎಲೆ ಬೆಳೆಯಬಹುದು ಅನ್ನುವ ಕೋಟಾ ಇಲ್ಲ, ಮಂಡಳಿಯ ಹರಾಜೂ ಇಲ್ಲ. ಗುಜರಾತಿನ ಆಣಂದ, ಖೇಡಾ ಕಡೆಯ ಬೀಡಿ ತಂಬಾಕಿನವರ ಕತೆಯೂ ಇದೇ. ತಮಿಳುನಾಡಿನ ವೇದಾರಣ್ಯದ ಜಗಿಯುವ ತಂಬಾಕಿನವರು, ಬಂಗಾಳದ ಕೂಚ್‌ಬಿಹಾರದವರು, ಬಿಹಾರದ ಸಮಸ್ತಿಪುರದವರು ಎಲ್ಲರೂ ಈ ವ್ಯವಸ್ಥೆಯ ಆಚೆಯೇ. ವ್ಯಾಪಾರಿ ಹೇಳಿದ್ದೇ ದರ. 1981ರಲ್ಲಿ ರೈತ ನಾಯಕ ಶರದ್ ಜೋಶಿ ಅವರ ಮುಂದಾಳತ್ವದಲ್ಲಿ ನಿಪ್ಪಾಣಿಯ ರೈತರು ಬೀದಿಗಿಳಿದದ್ದು ಈ ದರದ ಸಂಕಟಕ್ಕೇ. ನನ್ನನ್ನು ಕೇಳಿದರೆ, ಹಂಚಿಕೆಯಲ್ಲಿ ನಿಜವಾದ ಅನ್ಯಾಯ ಇರುವುದು ಇಲ್ಲಿ. ಒಂದೇ ರಾಜ್ಯದ ಒಳಗೆ, ಎಲೆಯ ಜಾತಿ ಬೇರೆ ಅನ್ನುವ ಕಾರಣಕ್ಕೆ, ಒಬ್ಬನಿಗೆ ಹರಾಜು ಕಟ್ಟೆ ಇದೆ, ಇನ್ನೊಬ್ಬನಿಗೆ ಇಲ್ಲ. ಆಂಧ್ರ ಮತ್ತು ಮೈಸೂರಿನ ನಡುವಿನ ವ್ಯತ್ಯಾಸ ಇದರ ಮುಂದೆ ಚಿಕ್ಕದು.

ಈಗ ಆ 10,000 ರೂಪಾಯಿ ವಿಷಯ. 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತ ಬಂದು ಆಂಧ್ರದ ತಂಬಾಕು ಹೊಲಗಳು ಹಾಳಾದವು. ಆಮೇಲೆ ಅಲ್ಲಿನ 28 ಸಾವಿರಕ್ಕೂ ಹೆಚ್ಚು ಬೆಳೆಗಾರರಿಗೆ ತಲಾ 10,000 ರೂಪಾಯಿಗೆ ಕೇಂದ್ರ ಒಪ್ಪಿಗೆ ಕೊಟ್ಟಿದ್ದು ನಿಜ. ಆದರೆ ಅದು ಸಬ್ಸಿಡಿ ಅಲ್ಲ, ಬಡ್ಡಿ ಇಲ್ಲದ ಸಾಲ. ವಾಪಸ್ ಕಟ್ಟಲೇಬೇಕು. ದುಡ್ಡು ಬಂದದ್ದು ಮಂಡಳಿಯ ಬೆಳೆಗಾರರ ಕಲ್ಯಾಣ ಯೋಜನೆಯಿಂದ. ಅದಕ್ಕೆ ಸದಸ್ಯರಾಗಿದ್ದವರಿಗೆ ಮಾತ್ರ. ನಿಮ್ಮ ಊರಿಗೆ ಬರುವಷ್ಟರಲ್ಲಿ ‘ಸಾಲ’ ಅನ್ನೋದು ಉದುರಿಹೋಗಿ ‘ಕೊಟ್ಟರು’ ಅನ್ನೋದು ಮಾತ್ರ ಉಳಿದಿದೆ. ನಿಮ್ಮ ತಂದೆ ಆ ಯೋಜನೆಯ ಸದಸ್ಯರಾಗಿದ್ದರಾ ಅಂತ ನಿಮ್ಮ ಹರಾಜು ಕಟ್ಟೆಯ ಕಚೇರಿಯಲ್ಲಿ ಮೊದಲು ಕೇಳಿ. ಸದಸ್ಯ ತೀರಿಕೊಂಡಾಗ ಕುಟುಂಬಕ್ಕೆ ನೆರವು ಕೊಡುವುದೂ ಅದೇ ಯೋಜನೆಯಲ್ಲಿದೆ. ಎಷ್ಟೋ ಮನೆಯವರು ಇದನ್ನು ಕೇಳುವುದೇ ಇಲ್ಲ.

ಮಂಡಳಿ ಕೊಡುವ ಗೊಬ್ಬರದ ಬಗ್ಗೆಯೂ ಇಂಥದ್ದೇ ತಪ್ಪು ತಿಳಿವಳಿಕೆ ಇದೆ. ಅಮೋನಿಯಂ ಸಲ್ಫೇಟ್, ಸಲ್ಫೇಟ್ ಆಫ್ ಪೊಟ್ಯಾಶ್ ಚೀಲಗಳು ಲಾರಿಯಲ್ಲಿ ಬಂದು ಇಳಿದಾಗ ಅದು ಸರ್ಕಾರದ ಕೊಡುಗೆ ಅನ್ನಿಸುತ್ತದೆ. ಅದು ಬ್ಯಾಂಕ್ ಸಾಲದ ಮೇಲೆ ಬರುವ ಗೊಬ್ಬರ. ಮಂಡಳಿ ಒಟ್ಟಿಗೆ ಕೊಂಡು ಹಂಚುವುದರಿಂದ ನಿಮಗೆ ಗುಣಮಟ್ಟದ ಭರವಸೆ, ಸ್ವಲ್ಪ ದರದ ಅನುಕೂಲ ಸಿಗುತ್ತದೆ, ಅಷ್ಟೇ. ನೀವು ಹರಾಜಿಗೆ ಬೇಲು (ಎಲೆಯ ಮೂಟೆ) ತೆಗೆದುಕೊಂಡು ಹೋದಾಗ ಆ ಸಾಲ ನಿಮ್ಮ ಮಾರಾಟದ ದುಡ್ಡಿನಲ್ಲೇ ಮುರಿದುಹೋಗುತ್ತದೆ.

ನಿಮ್ಮ ಮಾರಾಟದ ಪಟ್ಟಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ಸಾವಕಾಶವಾಗಿ ಓದಿ. ನೋಂದಣಿ ಸಂಖ್ಯೆ, ಬೇಲಿನ ಸಂಖ್ಯೆ, ತೂಕ, ಗ್ರೇಡು, ಕೊಂಡ ಕಂಪನಿ, ಕಿಲೋ ದರ. ಕೆಳಗೆ ಕಡಿತಗಳು: ಮಂಡಳಿಯ ಸೇವಾ ಶುಲ್ಕ, ಬ್ಯಾಂಕಿನ ಕಂತು. ಉಳಿದದ್ದು ನಿಮ್ಮ ಖಾತೆಗೆ. ಸಾಲ ತೀರುವವರೆಗೆ ಮೊದಲ ಬೇಲುಗಳಿಂದ ಕೈಗೆ ಬರುವುದು ತೀರಾ ಕಡಿಮೆ ಇರುತ್ತದೆ. ಈಗ ಯೋಚನೆ ಮಾಡಿ: ಕಾರ್ಡ್ ಇಲ್ಲದ ಪಕ್ಕದ ಹೊಲದವರು ‘ಅಣ್ಣಾ, ನನ್ನ ನಾಲ್ಕು ಬೇಲು ನಿನ್ನ ಕಾರ್ಡಿನಲ್ಲಿ ಹಾಕು’ ಅಂತಾರೆ. ಊರಲ್ಲಿ ಇದು ಮಾಮೂಲಿ. ಆದರೆ ಆ ನಾಲ್ಕು ಬೇಲಿನ ತೂಕ ನಿಮ್ಮ ಕೋಟಾದಲ್ಲಿ ಕಳೆದುಹೋಗುತ್ತದೆ. ದುಡ್ಡು ನಿಮ್ಮ ಖಾತೆಗೆ ಬಂದು ಅದರಲ್ಲೂ ನಿಮ್ಮ ಸಾಲ ಮುರಿಯುತ್ತದೆ. ಅವರಿಗೆ ನೀವು ಕೈಯಿಂದ ಕೊಡಬೇಕಾಗುತ್ತದೆ. ಕೊನೆಗೆ ನಿಮ್ಮದೇ ಎಲೆ ಹೆಚ್ಚುವರಿ ಲೆಕ್ಕಕ್ಕೆ ಸೇರಿ ದಂಡ ಬೀಳಬಹುದು. ಕೆಲವು ವರ್ಷ ಸರ್ಕಾರ ದಂಡ ಬಿಟ್ಟು ಹೆಚ್ಚುವರಿ ಎಲೆ ಮಾರಲು ಅವಕಾಶ ಕೊಟ್ಟಿದೆ. ಪ್ರತಿ ವರ್ಷವೂ ಹಾಗೇ ಆಗುತ್ತದೆ ಅಂತ ನಂಬಿ ಕೂರಬೇಡಿ.

ಆಂಧ್ರಕ್ಕೆ ಜಾಸ್ತಿ ಅನ್ನಿಸುವುದಕ್ಕೆ ಇನ್ನೊಂದು ಕಾರಣ ಬೆಳೆ ಪ್ರಮಾಣ. ಪ್ರತಿ ವರ್ಷ ಎಷ್ಟು ಎಲೆ ಬೆಳೆಯಬಹುದು ಅಂತ ಮಂಡಳಿ ರಾಜ್ಯವಾರು ನಿಗದಿ ಮಾಡಿ, ಅದನ್ನು ಬ್ಯಾರನ್ ಲೆಕ್ಕದಲ್ಲಿ ಹಂಚುತ್ತದೆ. 2023-24ಕ್ಕೆ ಕರ್ನಾಟಕಕ್ಕೆ ನಿಗದಿಯಾದದ್ದು 10 ಕೋಟಿ ಕಿಲೋ, ಆಂಧ್ರಕ್ಕೆ 14.2 ಕೋಟಿ ಕಿಲೋ. ರಫ್ತುದಾರರು ಮತ್ತು ಸಿಗರೇಟು ಕಂಪನಿಗಳು ಎಷ್ಟು ಬೇಕು ಅಂತ ಹೇಳುತ್ತವೆ, ಹಿಂದಿನ ವರ್ಷದ ದಾಸ್ತಾನು ನೋಡುತ್ತಾರೆ, ಆಮೇಲೆ ಅಂಕಿ ಬರುತ್ತದೆ. ಇಲ್ಲಿ ಸುಮಾರು 40 ಸಾವಿರ ನೋಂದಾಯಿತ ಬೆಳೆಗಾರರಿದ್ದಾರೆ. ಹೆಚ್ಚಿನವರು ನಿಮ್ಮ ಹಾಗೆ ಒಂದು ಬ್ಯಾರನ್‌ನವರು. ಮಣ್ಣು, ಕಾಲ ಕೂಡ ಬೇರೆ. ನಮ್ಮದು ಮುಂಗಾರಿನ ಬೆಳೆ. ಮೇ, ಜೂನ್ ಹೊತ್ತಿಗೆ ನಾಟಿ, ಸೆಪ್ಟೆಂಬರ್ ಆಸುಪಾಸಿನಿಂದ ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ, ರಾಮನಾಥಪುರದಲ್ಲಿ ಹರಾಜು. ಅವರದ್ದು ಹಿಂಗಾರು. ಹಾಗಾಗಿ ಅವರನ್ನು ಚಂಡಮಾರುತ ಕಾಡುತ್ತದೆ, ನಮ್ಮನ್ನು ಜುಲೈ, ಆಗಸ್ಟಿನ ಜಡಿಮಳೆ. ಚಂಡಮಾರುತ ಒಂದು ದಿನ ಬಂದು ಹೋಗುತ್ತದೆ, ಅದಕ್ಕೊಂದು ಹೆಸರಿರುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಜಡಿಮಳೆಗೆ ಹೊಲದಲ್ಲಿ ಬೇರು ಕೊಳೆಯುವುದು ನಿಧಾನ, ಯಾರ ಕಣ್ಣಿಗೂ ಬೀಳಲ್ಲ. ಪರಿಹಾರದ ಕಡತ ಮುಂದೆ ಹೋಗುವುದರಲ್ಲೂ ಈ ವ್ಯತ್ಯಾಸ ಕೆಲಸ ಮಾಡುತ್ತದೆ. ಹಾಗಾಗಿ ಮಳೆಗೆ ಹಾನಿಯಾದಾಗ ಆಗಲೇ ಫೋಟೊ ತೆಗೆದು, ಮಂಡಳಿಯ ಕ್ಷೇತ್ರ ಸಿಬ್ಬಂದಿಗೂ ಕಂದಾಯ ಇಲಾಖೆಗೂ ಲಿಖಿತವಾಗಿ ಕೊಡಿ. ಎರಡು ತಿಂಗಳು ಬಿಟ್ಟು ಹೇಳಿದರೆ ಯಾರೂ ಏನೂ ಮಾಡಲಾಗದು.

ಇನ್ನು ಎರಡನೇ ದಾರಿ. ಭಾರತ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಅನುಮೋದಿಸಿತು. ಬೆಳೆಗಾರರಿಗೆ ಬದುಕಲು ಬೇರೆ ದಾರಿ ತೋರಿಸಬೇಕು ಅಂತ ಅದರ 17ನೇ ವಿಧಿ ಹೇಳುತ್ತದೆ. ಮೊದಲು ಪಂಜಾಬ್, ಹರಿಯಾಣ ಕಡೆಯಲ್ಲಿ ಭತ್ತ ಕಡಿಮೆ ಮಾಡಲು ಇದ್ದ ಬೆಳೆ ವೈವಿಧ್ಯೀಕರಣ ಕಾರ್ಯಕ್ರಮವನ್ನು 2015-16ರಿಂದ ತಂಬಾಕು ಬೆಳೆಯುವ 10 ರಾಜ್ಯಗಳಿಗೂ ವಿಸ್ತರಿಸಿದರು. ಕರ್ನಾಟಕ, ಆಂಧ್ರ, ತೆಲಂಗಾಣ, ತಮಿಳುನಾಡು, ಮಹಾರಾಷ್ಟ್ರ, ಗುಜರಾತ್, ಒಡಿಶಾ, ಬಿಹಾರ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳ. ಇಲ್ಲಿ ವರ್ಜೀನಿಯಾ, ಬೀಡಿ ಅನ್ನುವ ಭೇದ ಇಲ್ಲ. ನಿಪ್ಪಾಣಿಯ ಗೆಳೆಯನೂ ಇದರಲ್ಲಿ ಕೇಳಬಹುದು, ಇದನ್ನು ಅವನಿಗೆ ತಿಳಿಸಿ. ಕೇಂದ್ರದ ಪಾಲು ಶೇ 60, ರಾಜ್ಯದ ಪಾಲು ಶೇ 40. ಈಗ ಇದು ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯ ಒಳಗೆ ಸೇರಿಹೋಗಿದೆ.

ಆದರೆ ಇದರಲ್ಲಿ ‘ತಂಬಾಕು ಬಿಟ್ಟೆ, ಇಷ್ಟು ದುಡ್ಡು ಕೊಡಿ’ ಅನ್ನುವ ವ್ಯವಸ್ಥೆ ಇಲ್ಲ. ದುಡ್ಡು ಹೋಗುವುದು ಬದಲಿ ಬೆಳೆಯ ಪ್ರಾತ್ಯಕ್ಷಿಕೆಗೆ, ಯಂತ್ರೋಪಕರಣಕ್ಕೆ, ಸ್ಥಳೀಯ ಅಗತ್ಯದ ಕೆಲಸಕ್ಕೆ, ತರಬೇತಿಗೆ. ರೈತರಿಗೆ ಸಲಹೆ ಕೊಡುವ ಕೃಷಿ ವಿಸ್ತರಣೆ ಕೆಲಸದಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಹೀಗೆ: ಒಂದು ಊರನ್ನು ಆರಿಸುತ್ತಾರೆ, ಆಯ್ದ ರೈತರಿಗೆ ಬೀಜ, ಗೊಬ್ಬರ, ಔಷಧಿ ಕೊಡುತ್ತಾರೆ, ಹೊಲದ ಬದುವಿನಲ್ಲಿ ಒಂದು ಬೋರ್ಡು ನಿಲ್ಲುತ್ತದೆ, ಕ್ಷೇತ್ರೋತ್ಸವ ಆಗುತ್ತದೆ. ಮುಂದಿನ ವರ್ಷ ಆ ಪ್ರಾತ್ಯಕ್ಷಿಕೆ ಇನ್ನೊಂದು ಊರಿಗೆ ಹೋಗುತ್ತದೆ. ಬೆಳೆ ಬದಲಾಯಿಸಿದ ರೈತನಿಗೆ ನಿಜವಾಗಿ ಕಷ್ಟ ಬರುವುದು ಎರಡನೇ, ಮೂರನೇ ವರ್ಷ. ಮಾರುಕಟ್ಟೆ ಸಿಗದೆ, ದರ ಬಿದ್ದು ಒದ್ದಾಡುವಾಗ ಪಕ್ಕದಲ್ಲಿ ಯಾರೂ ಇರಲ್ಲ. ತಂಬಾಕಿಗೆ ಹರಾಜು ಕಟ್ಟೆ, ಬ್ಯಾಂಕ್ ಸಾಲ, ಬಿಡ್ಡು ಕೂಗುವ ಕಂಪನಿ ಎಲ್ಲ ಇದೆ. ಬದಲಿ ಬೆಳೆಗೆ ಒಂದು ಹಂಗಾಮಿನ ಬೀಜ ಮಾತ್ರ. ಈ ಕಾರ್ಯಕ್ರಮ ಬಂದು ಇಷ್ಟು ವರ್ಷವಾದರೂ ನಿಮ್ಮ ಸೀಮೆಯಲ್ಲಿ ತಂಬಾಕು ನಿಂತಿರುವುದಕ್ಕೆ ರೈತರ ಹಟವನ್ನು ದೂರಬಾರದು. ಹೊರಗೆ ಬರುವ ದಾರಿಗೆ ಸರ್ಕಾರ ಹಾಕಿರುವ ದುಡ್ಡು ಸಾಲದು, ಹಾಕಿರುವ ಕಾಲವೂ ಸಾಲದು.

ಬ್ಯಾರನ್‌ಗೆ ಲಕ್ಷಗಟ್ಟಲೆ ಪರಿಹಾರ ಅನ್ನುವ ಮಾತು ಎಲ್ಲಿಂದ ಬಂತು ಅಂತಲೂ ಹೇಳುತ್ತೇನೆ. ಬೆಳೆಗಾರರ ಸಂಘಟನೆಗಳು ಬಹಳ ಕಾಲದಿಂದ ಇದನ್ನು ಕೇಳುತ್ತಿವೆ. ಆಗಾಗ ಪ್ರಸ್ತಾವಗಳ ಸುದ್ದಿಯೂ ಬರುತ್ತದೆ. ಬೇರೆ ದೇಶದಲ್ಲಿ ಇದು ಆಗಿದೆ ಕೂಡ. ಅಮೆರಿಕ 2004ರಲ್ಲಿ ಕಾನೂನು ಮಾಡಿ ತಂಬಾಕು ಕೋಟಾ ಪದ್ಧತಿಯನ್ನೇ ತೆಗೆದುಹಾಕಿತು. ಕೋಟಾ ಹೊಂದಿದ್ದವರಿಗೂ ಬೆಳೆಗಾರರಿಗೂ ಹತ್ತು ವರ್ಷದ ಕಂತಿನಲ್ಲಿ ಸುಮಾರು 1,000 ಕೋಟಿ ಡಾಲರ್ ಹಂಚಿತು. ಆ ದುಡ್ಡನ್ನು ಸಿಗರೇಟು ಮತ್ತಿತರ ತಂಬಾಕು ಕಂಪನಿಗಳಿಂದಲೇ ವಸೂಲಿ ಮಾಡಿತು. ನಮ್ಮಲ್ಲೂ ಇಂಥದ್ದು ಬರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಆದರೆ ಅಭಿಪ್ರಾಯವನ್ನು ನಂಬಿ ನೀವು ಮನೆ ನಡೆಸಲಾಗದು. ಸರ್ಕಾರಿ ಆದೇಶದ ಪ್ರತಿ ಕೈಗೆ ಬರುವವರೆಗೆ ಅದನ್ನು ಲೆಕ್ಕಕ್ಕೆ ಸೇರಿಸಬೇಡಿ. ‘ಕಾರ್ಡ್ ಸರೆಂಡರ್ ಮಾಡಿಸಿಕೊಡ್ತೀನಿ, ಪರಿಹಾರ ಬರುತ್ತೆ’ ಅಂತ ಯಾರಾದರೂ ಮುಂಗಡ ದುಡ್ಡು ಕೇಳಿದರೆ ಬಾಗಿಲು ಹಾಕಿಕೊಳ್ಳಿ.

ಹಾಗಾದರೆ ಏನು ಮಾಡಬಹುದು? ಮೊದಲು ತಂಬಾಕಿನ ಲೆಕ್ಕವನ್ನೇ ಪೂರ್ತಿ ಬರೆಯಿರಿ. 2022ರಿಂದ ಈಚೆಗೆ ಕಿಲೋಗೆ ಸರಾಸರಿ 200 ರೂಪಾಯಿ ಮೇಲೆ ಸಿಕ್ಕಿದೆ, ಅದು ಕಣ್ಣಿಗೆ ಕಾಣುತ್ತದೆ. ಕಾಣದ ಖರ್ಚು ಬೇರೆ. ಒಂದು ಕಿಲೋ ಎಲೆ ಹದ ಮಾಡಲು 4ರಿಂದ 5 ಕಿಲೋ ಸೌದೆ ಬೇಕು. ಸೌದೆ ದರ ಪ್ರತಿ ವರ್ಷ ಏರುತ್ತಿದೆ. ಎಲೆ ಮುರಿಯುವುದು, ಕಡ್ಡಿಗೆ ಕಟ್ಟುವುದು, ರಾತ್ರಿಯೆಲ್ಲ ಬ್ಯಾರನ್ ಕಾಯುವುದು, ಗ್ರೇಡು ಮಾಡುವುದು, ಇದರಲ್ಲಿ ಮನೆಯ ಹೆಣ್ಣುಮಕ್ಕಳ ಕೂಲಿಯನ್ನು ಯಾರೂ ಬರೆಯುವುದಿಲ್ಲ. ಅದನ್ನು ಬರೆಯಿರಿ. ಮಳೆಯಲ್ಲಿ ಒದ್ದೆ ಎಲೆ ಮುರಿದ ದಿನ ತಲೆಸುತ್ತು, ವಾಂತಿ ಬರುವುದು ಎಲೆಯ ನಿಕೋಟಿನ್ ಚರ್ಮದ ಮೂಲಕ ಮೈ ಸೇರುವುದರಿಂದ. ಬಿಸಿಲಿನ ಪಿತ್ತ ಅಂತ ಸುಮ್ನೆ ಬಿಡಬೇಡಿ. ಕೈಗವಸು, ಉದ್ದ ತೋಳಿನ ಬಟ್ಟೆ ಹಾಕಿಸಿ. ಗರ್ಭಿಣಿಯರನ್ನೂ ಮಕ್ಕಳನ್ನೂ ಆ ಕೆಲಸಕ್ಕೆ ಕಳಿಸಲೇಬೇಡಿ.

ನಾಲ್ಕೂ ಎಕರೆಯನ್ನು ಒಂದೇ ವರ್ಷ ಬದಲಾಯಿಸುವುದನ್ನು ನಾನು ಒಪ್ಪಲ್ಲ. ಒಂದು, ಒಂದೂವರೆ ಎಕರೆಯಿಂದ ಶುರು ಮಾಡಿ. ಹಾಗೆ ಮಾಡುವ ಮುಂಚೆ, ಕಡಿಮೆ ಎಲೆ ಹಾಕಿದರೆ ನಿಮ್ಮ ನೋಂದಣಿಗೂ ಕೋಟಾಗೂ ಏನಾಗುತ್ತದೆ ಅಂತ ಮಂಡಳಿ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಬ್ಯಾಂಕ್ ಸಾಲವನ್ನೂ ಆ ಮಟ್ಟಕ್ಕೆ ಇಳಿಸಿಕೊಳ್ಳಿ. ನಾಲ್ಕು ಎಕರೆ ಲೆಕ್ಕಕ್ಕೆ ಸಾಲ ಮಾಡಿ ಎರಡೂವರೆ ಎಕರೆ ಎಲೆಯಲ್ಲಿ ತೀರಿಸಲು ಹೋದವರು ಕೈಸಾಲಕ್ಕೆ ಬೀಳುತ್ತಾರೆ.

ಆ ಒಂದೂವರೆ ಎಕರೆಗೆ ಯಾವ ಬೆಳೆ? ಇಲ್ಲಿಂದ ಮೂರನೇ ದಾರಿಯ ದುಡ್ಡು ಶುರು. ರಾಗಿ ನಿಮ್ಮ ಮಣ್ಣಿಗೆ ಒಗ್ಗಿದ್ದು, ತಂಬಾಕಿನ ಹೊಲದ ಗಂಟುಬೇರಿನ ಜಂತುವನ್ನೂ ಕಡಿಮೆ ಮಾಡುತ್ತದೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಲಾಭ ತಂಬಾಕಿನಷ್ಟು ಬರಲ್ಲ, ನಿಜ. ಆದರೆ ಖರ್ಚು ಕಡಿಮೆ, ನಿದ್ದೆ ಕೆಡಲ್ಲ. ಮುಸುಕಿನ ಜೋಳಕ್ಕೂ ಅದೇ ವರ್ಷಕ್ಕೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದೆ. ಆದರೆ ಬೆಲೆ ಘೋಷಿಸುವುದೇ ಬೇರೆ, ಖರೀದಿ ಕೇಂದ್ರ ತೆರೆಯುವುದೇ ಬೇರೆ ಅಂತ ನಿಮಗೂ ಗೊತ್ತು ಅಲ್ವಾ? ಎರಡಕ್ಕೂ ಬೆಳೆ ವಿಮೆ ಇದೆ. ಮುಂಗಾರಿನ ಆಹಾರ ಬೆಳೆಗೆ ರೈತನ ಕಂತು ವಿಮಾ ಮೊತ್ತದ ಶೇ 2 ಮಾತ್ರ. ಸಿರಿಧಾನ್ಯಕ್ಕೆ ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಇದೆ. ಆ ವರ್ಷ ನಿಮ್ಮ ಹೋಬಳಿಗೆ ಗುರಿ ಬಂದಿದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಶುಂಠಿಯ ಆಸೆ ನಿಮ್ಮ ಕಡೆ ಜೋರಾಗಿದೆ. ಒಂದು ವರ್ಷ ಮನೆ ಕಟ್ಟಿಸುತ್ತದೆ, ಇನ್ನೊಂದು ವರ್ಷ ಕೊಳೆರೋಗ ಬಂದು ಹಾಕಿದ ಬಂಡವಾಳವನ್ನೂ ನುಂಗುತ್ತದೆ. ಸಾಲ ಮಾಡಿ ಶುಂಠಿ ಹಾಕಬೇಡಿ ಅಂತ ನೇರವಾಗಿ ಹೇಳುತ್ತೇನೆ. ಟೊಮೆಟೊ, ಬದನೆ, ಮೆಣಸಿನಕಾಯಿ ತಂಬಾಕಿನ ಸಂಬಂಧಿಗಳೇ. ಅದೇ ಜಂತು, ಅದೇ ನಂಜುರೋಗ. ತಂಬಾಕು ಕಿತ್ತ ಹೊಲಕ್ಕೆ ಅವನ್ನು ಕೂಡಲೇ ಹಾಕಬಾರದು.

ಕೊಳವೆಬಾವಿಯಲ್ಲಿ ನೀರು ಇದ್ದರೆ ರೇಷ್ಮೆ ಒಳ್ಳೆಯ ದಾರಿ. ಹಿಪ್ಪುನೇರಳೆ ನಾಟಿಗೆ, ಹುಳು ಸಾಕುವ ಮನೆಗೆ, ಹನಿ ನೀರಾವರಿಗೆ ಸಹಾಯಧನ ಇದೆ. ತಿಂಗಳು ತಿಂಗಳು ದುಡ್ಡು ನೋಡಬಹುದು. ಒಂದು ಎಚ್ಚರಿಕೆ ಮಾತ್ರ ಬೇಕೇಬೇಕು: ತಂಬಾಕಿನ ಪಕ್ಕದ ಹಿಪ್ಪುನೇರಳೆ ಸೊಪ್ಪು ತಿಂದರೆ ಹುಳು ಸಾಯುತ್ತದೆ. ತಂಬಾಕಿನ ನಂಜು ಸೊಪ್ಪಿಗೆ ತಗಲುತ್ತದೆ. ಕನಿಷ್ಠ 100 ಮೀಟರ್ ಅಂತರ ಇರಬೇಕು. ನಾಲ್ಕು ಎಕರೆ ಒಂದೇ ತಾಕಾಗಿದ್ದರೆ, ಅರ್ಧ ತಂಬಾಕು ಅರ್ಧ ರೇಷ್ಮೆ ಅನ್ನೋದು ಆಗದ ಮಾತು. ಪಕ್ಕದ ಹೊಲದವರು ತಂಬಾಕು ಹಾಕುತ್ತಾರಾ ಅನ್ನೋದನ್ನೂ ನೋಡಬೇಕು. ಸಹಾಯಧನ ಸಿಕ್ಕಿತು ಅಂತ ಸಾಕಾಣಿಕೆ ಮನೆ ಕಟ್ಟಿ, ಆಮೇಲೆ ಹುಳು ಕಳೆದುಕೊಳ್ಳುವುದು ಬೇಡ.

ತಾಳೆ ಎಣ್ಣೆ ಬೆಳೆಗೆ 2021ರಲ್ಲಿ ಬಂದ ರಾಷ್ಟ್ರೀಯ ಯೋಜನೆಯಲ್ಲಿ ಸಸಿಗೆ ಹೆಕ್ಟೇರಿಗೆ 29,000 ರೂಪಾಯಿ ನೆರವಿದೆ. ಆದರೆ ಅದಕ್ಕೆ ನೀರು ತುಂಬಾ ಬೇಕು, ಫಲಕ್ಕೆ ನಾಲ್ಕು ವರ್ಷ ಕಾಯಬೇಕು, ಹೊಲ ದಶಕಗಳ ಕಾಲ ಕಟ್ಟಿಬೀಳುತ್ತದೆ. ನಾಲ್ಕು ಎಕರೆಯವರಿಗೆ ನಾನು ಹೇಳಲ್ಲ.

ಈ ಎಲ್ಲ ಸಾಮಾನ್ಯ ಯೋಜನೆಗಳ ದುಡ್ಡು ಒಂದೇ ಬಾಗಿಲಿನಿಂದ ಬರುತ್ತದೆ: ನಿಮ್ಮ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ನೋಂದಣಿ) ಗುರುತಿನ ಸಂಖ್ಯೆ, ಪಹಣಿ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಮತ್ತು ಬೆಳೆ ಸಮೀಕ್ಷೆ. ಸಮೀಕ್ಷೆಯಲ್ಲಿ ನಿಮ್ಮ ಹೊಲದ ಮುಂದೆ ಯಾವ ಬೆಳೆ ಅಂತ ದಾಖಲಾಗಿದೆ ಅನ್ನೋದು ಬಹಳ ಮುಖ್ಯ. ರಾಗಿ ಹಾಕಿದ ತುಂಡಿನಲ್ಲೂ ಹಳೇ ಲೆಕ್ಕದಲ್ಲಿ ತಂಬಾಕು ಅಂತಲೇ ಬಿದ್ದಿದ್ದರೆ ವಿಮೆಯೂ ಇಲ್ಲ, ಬೆಂಬಲ ಬೆಲೆ ಖರೀದಿಯೂ ಇಲ್ಲ. ಸಮೀಕ್ಷೆ ನಡೆಯುವಾಗ ಹೊಲದಲ್ಲಿ ನಿಂತು ಮಾಡಿಸಿ, ತಪ್ಪಿದ್ದರೆ ಆಕ್ಷೇಪಣೆ ಅವಧಿಯಲ್ಲೇ ತಿದ್ದಿಸಿ.

ನಿಮ್ಮ ವಿಷಯದಲ್ಲಿ ಇವೆಲ್ಲಕ್ಕಿಂತ ಮುಂಚೆ ಆಗಬೇಕಾದ ಕೆಲಸ ಒಂದಿದೆ. ಪಹಣಿಯೂ ಕಾರ್ಡೂ ತೀರಿಕೊಂಡವರ ಹೆಸರಿನಲ್ಲಿ ಇರುವವರೆಗೆ ಮೂರು ದಾರಿಯೂ ನಿಮಗೆ ಮುಚ್ಚಿವೆ. ಮಂಡಳಿಯ ನೋಂದಣಿ ಮೊದಲು ವರ್ಷ ವರ್ಷ ನವೀಕರಿಸಬೇಕಿತ್ತು. ಈಗ ಮೂರು ವರ್ಷಕ್ಕೆ ವಿಸ್ತರಿಸಿದ್ದಾರೆ. ಅನುಕೂಲವೇ, ಆದರೆ ನಿಮ್ಮಂಥ ಮನೆಗಳಲ್ಲಿ ‘ಇನ್ನೂ ಅವಧಿ ಇದೆಯಲ್ಲ’ ಅಂತ ಹೆಸರು ಬದಲಾವಣೆ ಹಾಗೇ ಉಳಿದುಬಿಡುತ್ತದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಅಣ್ಣ ತಮ್ಮ ಅಕ್ಕ ತಂಗಿಯರ ಒಪ್ಪಿಗೆ ಪತ್ರ ಜೋಡಿಸಿಕೊಂಡು ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಅದೇ ದಾಖಲೆಗಳ ಇನ್ನೊಂದು ಪ್ರತಿ ಮಂಡಳಿ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಖಾತೆ ನಿಮ್ಮ ಹೆಸರಿಗೆ ಬಂದ ಮೇಲೆ ಫ್ರೂಟ್ಸ್ ನೋಂದಣಿ ಮಾಡಿಸಿ. ಸಸಿಮಡಿ ಹಾಕುವುದು ಫೆಬ್ರುವರಿ, ಮಾರ್ಚ್‌ನಲ್ಲಿ. ಎಷ್ಟು ಎಕರೆಗೆ ಸಸಿ ಬೇಕು ಅನ್ನೋದನ್ನು ಆಗಲೇ ತೀರ್ಮಾನಿಸಬೇಕಾಗುತ್ತದೆ, ಹಾಗಾಗಿ ಈ ಕಾಗದದ ಕೆಲಸ ಸಂಕ್ರಾಂತಿಯೊಳಗೆ ಮುಗಿದರೆ ಒಳ್ಳೆಯದು.